ಪೆಟ್ಟಿಗೆ ಕಾರ್ಖಾನೆಗೆ ಬಂದ ರೈಲು

ಮದುವೆಯಲ್ಲಿ ಅಳಿಯ ಮುನಿಸಿಕೊಳ್ಳುವುದು ನಮ್ಮ ಕಡೆ ರೂಢಿ. ಹೋಳಿಗೆಗೆ ತುಪ್ಪ ಕಡಿಮೆಯಾಯಿತು, ವಾಚಿನ ಪಟ್ಟಿಯ ಬಣ್ಣ ಸರಿಯಿಲ್ಲ ಎಂದು ಏನಾದರೊಂದು ನೆಪ ತೆಗೆದು ಅವನು ಮೂತಿ ಊದಿಸಿಕೊಂಡು ಮೂಲೆ ಹಿಡಿಯಬೇಕು, ಮಾವ ಹೋಗಿ ರಮಿಸಬೇಕು. ನಮ್ಮ ಮನೆಯಲ್ಲಿ ಇದು ತಿರುವುಮುರುವಾಯಿತು. ಮುನಿಸಿಕೊಂಡವರು ಮಾವ, ಅಂದರೆ ನನ್ನ ಅಪ್ಪ. ಅದೂ ಹಂದರ ಬಿಚ್ಚುವ ತನಕದ ಮುನಿಸಲ್ಲ, ವರ್ಷಗಟ್ಟಲೆ ಬಾಳಿಕೆ ಬಂದ ಮುನಿಸು. ರಮಿಸುವ ಕಲೆ ನಮ್ಮವರಿಗೆ, ಅಂದರೆ ನನ್ನ ಗಂಡನಿಗೆ, ಗೊತ್ತಿರಲಿಲ್ಲ. ಅವರಿಗೆ ಗೊತ್ತಿದ್ದದ್ದು ಮೊಳೆ ಹೊಡೆಯುವ ಕಲೆ.

ನಮ್ಮವರು ಪುಣೆಯಲ್ಲಿ, ಮಾರ್ಕೆಟ್ ಯಾರ್ಡಿನ ಹಿಂದಿದ್ದ ಒಂದು ಕಟ್ಟಿಗೆ ಪೆಟ್ಟಿಗೆಯ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದರು. ಬ್ರಿಟಿಷರ ಕಾಲದ ಕಾರ್ಖಾನೆ. ಆಗ ದಂಡಿನವರ ಸೋಡಾ ಬಾಟಲಿಗಳಿಗೆ ಪೆಟ್ಟಿಗೆ ಮಾಡುತ್ತಿದ್ದರಂತೆ. ನಮ್ಮ ಕಾಲಕ್ಕೆ ದ್ರಾಕ್ಷಿ, ದಾಳಿಂಬೆ, ಟೊಮೆಟೊ, ಮಾವಿನಹಣ್ಣಿನ ಪೆಟ್ಟಿಗೆಗಳು, ಆಗೀಗ ಪಿಂಪ್ರಿ ಕಡೆಯ ದೊಡ್ಡ ಕಾರ್ಖಾನೆಗಳ ಯಂತ್ರಗಳಿಗೆ ದೊಡ್ಡ ಪೆಟ್ಟಿಗೆಗಳು. ತಗಡಿನ ಚಾವಣಿ, ಒಂದು ದೊಡ್ಡ ಗರಗಸ, ಮೊಣಕಾಲುದ್ದ ಹೊಟ್ಟು, ಅದರ ನಡುವೆ ಕುಕ್ಕರಗಾಲಲ್ಲಿ ಕೂತು ಮೊಳೆ ಹೊಡೆಯುವ ಜನ. ಅವರ ಕೆಲಸದ ರೀತಿಯೊಂದನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ನನ್ನ ಬಾಳಿನ ತಾಪತ್ರಯವೆಲ್ಲ ಅಲ್ಲಿಂದಲೇ ಶುರುವಾದದ್ದು. ಪೆಟ್ಟಿಗೆ ಕಟ್ಟುವವರು ಮೊಳೆಗಳನ್ನು ಕೈಯಲ್ಲಿ ಹಿಡಿಯುವುದಿಲ್ಲ. ಒಂದು ಮುಷ್ಟಿ ಮೊಳೆಯನ್ನು ಬಾಯಿಗೆ ಹಾಕಿಕೊಳ್ಳುತ್ತಾರೆ. ನಾಲಗೆಯಿಂದ ಒಂದೊಂದನ್ನೇ ತಿರುಗಿಸಿ, ತಲೆ ಮುಂದೆ ಬರುವಂತೆ ತುಟಿಯ ನಡುವೆ ತಂದಿಡುತ್ತಾರೆ. ಎಡಗೈ ಅದನ್ನು ಎಳೆದು ಹಲಗೆಯ ಮೇಲೆ ನಿಲ್ಲಿಸುತ್ತದೆ, ಬಲಗೈ ಸುತ್ತಿಗೆಯಿಂದ ಬಡಿಯುತ್ತದೆ. ನಾನು ಮೊದಲ ಸಲ ನೋಡಿದಾಗ ಇವರು ಮೊಳೆ ತಿಂದು ಬದುಕುವವರೇನೋ ಎಂದುಕೊಂಡಿದ್ದೆ.

ಅಪ್ಪ ರೈಲ್ವೆಯವರು. ಸೊಲ್ಲಾಪುರದಿಂದ ವಾಡಿಗೆ ಹೋಗುವ ಹಾದಿಯಲ್ಲಿ ಒಂದು ಸಣ್ಣ ಸ್ಟೇಷನ್ನಿಗೆ ಮಾಸ್ತರರಾಗಿ ನಿವೃತ್ತರಾದವರು. ಅಲ್ಲಿ ಗಾಡಿಗಳು ನಿಲ್ಲುತ್ತಿದ್ದದ್ದೇ ಕಡಿಮೆ, ಆದರೆ ಹಾದುಹೋಗುವ ಪ್ರತಿ ಗಾಡಿಯೂ ಅಪ್ಪನ ಅಪ್ಪಣೆ ಪಡೆದೇ ಹೋಗಬೇಕಿತ್ತು. ಹೀಗೆ ಮೂವತ್ತು ಚಿಲ್ಲರೆ ವರ್ಷ ಎಂಜಿನ್ನುಗಳೇ ಕೂಗಿ ಕೇಳಿ ಉತ್ತರಕ್ಕೆ ಕಾದು ನಿಂತದ್ದನ್ನು ಕಂಡ ಮನುಷ್ಯ. ಮದುವೆಯಾದ ಮೇಲೆ ನನ್ನನ್ನು ಪುಣೆಗೆ ಬಿಡಲು ಬಂದವರು, ಅಳಿಯ ಮಾಡುವ ಕೆಲಸ ನೋಡೋಣವೆಂದು ನೆಟ್ಟಗೆ ಕಾರ್ಖಾನೆಗೆ ಹೋದರು.

"ಏನ್ರಿ ಅಳಿಯಂದ್ರ, ಆರಾಮ ಇದ್ದೀರೇನು?" ಎಂದರು.

ನಮ್ಮವರ ಬಾಯಿ ತುಂಬ ಮೊಳೆ. "ಮ್" ಎಂದರು.

"ಊಟ ಆತೇನ್ರಿ?"

"ಮ್ ಮ್."

"ಕೆಲಸ ಹೆಂಗ ನಡದದ?"

ಇದಕ್ಕೆ "ಮ್" ಸಾಲದು ಎನಿಸಿ ನಮ್ಮವರು ಚೆನ್ನಾಗಿ ನಡೆದಿದೆ ಎಂಬ ಅರ್ಥದಲ್ಲಿ ಕೈಯೆತ್ತಿ ಬೀಸಿದರು. ಆ ಕೈಯಲ್ಲಿ ಸುತ್ತಿಗೆಯಿತ್ತು.

ಅಪ್ಪ ಕೊಡೆ ತೆಗೆದುಕೊಂಡು ಸಂಜೆಯ ಗಾಡಿಗೆ ಕಲಬುರ್ಗಿಗೆ ಹೊರಟುಹೋದರು. ನಾನು ಆಮೇಲೆ ಎಷ್ಟು ತಿಳಿಸಿ ಹೇಳಿದರೂ ಅವರದ್ದು ಒಂದೇ ಮಾತು, "ಹಿರೇರು ಮಾತಾಡಸಿದ್ರ ಮೊಳಿ ಉಗುಳಿ ಮಾತಾಡಬೇಕು." ಇದನ್ನು ನಮ್ಮವರಿಗೆ ಹೇಳಿದರೆ ಅವರದ್ದೂ ಒಂದೇ ಮಾತು, "ಉಗುಳಿದ್ದರ, ಮಾವನ ಮುಂದ ಉಗುಳಿದ ಅಂತ ಮದುವೀನ ಮುರಿತಿದ್ರು." ಇಬ್ಬರೂ ಹೇಳುವುದು ಸರಿಯೇ. ಸರಿಯಿರುವ ಇಬ್ಬರು ಗಂಡಸರ ನಡುವೆ ಸಿಕ್ಕಿಕೊಂಡ ಹೆಂಗಸಿನ ಪಾಡು ದೇವರಿಗೇ ಪ್ರೀತಿ.

ಅಂದಿನಿಂದ ಅಪ್ಪ ಅಳಿಯನ ಜೊತೆ ನೇರವಾಗಿ ಮಾತಾಡಲಿಲ್ಲ. ಹಬ್ಬಕ್ಕೆ ಹೋದಾಗ, ಎದುರೆದುರು ಎಲೆ ಹಾಕಿಕೊಂಡು ಕೂತಾಗಲೂ, "ಅವ್ವಾ, ಅವರಿಗೆ ಇನ್ನೊಂದು ರೊಟ್ಟಿ ಬೇಕೇನು ಕೇಳು" ಎಂದು ನನಗೆ ಹೇಳುತ್ತಿದ್ದರು. ನಾನು ತಿರುಗಿ, "ರೊಟ್ಟಿ ಬೇಕೇನ್ರಿ?" ಎನ್ನಬೇಕು. ನಮ್ಮವರು, "ಸಾಕಂತ ಹೇಳು" ಎನ್ನುತ್ತಿದ್ದರು. ನಾನು ಮತ್ತೆ ಈ ಕಡೆ ತಿರುಗಿ, "ಸಾಕಂತಪಾ" ಎನ್ನಬೇಕು. ಅಷ್ಟರಲ್ಲಿ ನನ್ನ ಎಲೆಯ ಪಲ್ಯ ಆರಿ ತಣ್ಣಗಾಗಿರುತ್ತಿತ್ತು. ನನಗೆ ಬೇಕಾಗಿದ್ದದ್ದು ದೊಡ್ಡದೇನೂ ಅಲ್ಲ. ಇವರಿಬ್ಬರೂ ನನ್ನನ್ನು ನಡುವೆ ಇಡದೆ ಒಂದೇ ಒಂದು ಮಾತು ಆಡಿದ್ದರೆ ಸಾಕಿತ್ತು. ಬೈದಾಡಿಕೊಂಡಿದ್ದರೂ ನಡೆಯುತ್ತಿತ್ತು.

ಎಂಬತ್ತರ ದಶಕ ಶುರುವಾದ ಹೊಸತರಲ್ಲಿ ನಮ್ಮವರು ಒಂದು ಭಾನುವಾರ ರದ್ದಿ ಅಂಗಡಿಯಿಂದ ಒಂದು ವಿದೇಶಿ ಪತ್ರಿಕೆ ತಂದರು. ಅವರು ಹೋಗಿದ್ದು ಹಳೇ ಪೇಪರು ಹಾಕಿ ಬರಲು. ಹಾಕಿದ್ದಕ್ಕಿಂತ ಹೆಚ್ಚು ಹೊತ್ತು ತರುವುದು ಅವರ ಹಳೆಯ ಚಾಳಿ. ಆ ಪತ್ರಿಕೆಯಲ್ಲಿ ಯಾವುದೋ ದೇಶದ ದೊಡ್ಡ ದೊಡ್ಡ ಮನುಷ್ಯರು ಆಟಿಕೆ ರೈಲು ಕಟ್ಟಿಕೊಂಡು ಕೂತ ಚಿತ್ರಗಳಿದ್ದವು. ಬೆಟ್ಟ, ಸೇತುವೆ, ಸುರಂಗ, ಎಲ್ಲವೂ ಒಂದು ಮೇಜಿನ ಮೇಲೆ. ನಡುಪುಟದಲ್ಲಿ ಒಂದು ಕಾರ್ಖಾನೆ. ತಗಡಿನ ಚಾವಣಿ, ಹೊಗೆಕೊಳವೆ, ಅಂಗಳದಲ್ಲಿ ಮರದ ದಿಮ್ಮಿ, ಬಾಗಿಲ ಮುಂದೆ ಒಟ್ಟಿದ ಪೆಟ್ಟಿಗೆಗಳು, ಅದರ ಪಕ್ಕಕ್ಕೇ ಬಂದು ನಿಂತ ಗೂಡ್ಸ್ ಗಾಡಿ. ನಮ್ಮವರಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ, ಆದರೆ ಪೆಟ್ಟಿಗೆ ಯಾವ ಭಾಷೆಯಲ್ಲಿದ್ದರೂ ಗೊತ್ತಾಗುತ್ತಿತ್ತು.

"ಏ, ನೋಡಿಲ್ಲೆ. ಪೆಟ್ಟಿಗಿ ಕಾರ್ಖಾನಿ," ಎಂದರು. "ಹಳೇದ ಅದ, ನಮ್ಮಂಥಾದ್ದ. ಅದನ್ನ ಯಾರೋ ಕೂತು ಸಣ್ಣದು ಮಾಡ್ಯಾರ."

"ಮಾಡ್ಲಿ ಬಿಡ್ರಿ. ಅವರಿಗೆ ಕೆಲಸಿಲ್ಲ."

"ಮತ್ತ ಅವರ ಕಾರ್ಖಾನಿ ಬಾಗಲಕ್ಕ ರೈಲು ಬರ್ತದ."

ಅಲ್ಲಿಗೆ ನನಗೆ ತಿಳಿಯಿತು, ಇದು ಇಲ್ಲಿಗೆ ಮುಗಿಯುವುದಿಲ್ಲ. ನಮ್ಮವರ ಕಾರ್ಖಾನೆಗೆ ರೈಲು ಯಾವತ್ತೂ ಬಂದಿರಲಿಲ್ಲ. ಕಟ್ಟಿಗೆ ಬರುವುದು ಲಾರಿಯಲ್ಲಿ, ಪೆಟ್ಟಿಗೆ ಹೋಗುವುದು ಕೈಗಾಡಿಯಲ್ಲಿ. ಊರಿಗೆಲ್ಲ ಪೆಟ್ಟಿಗೆ ಮಾಡಿಕೊಟ್ಟ ಕಾರ್ಖಾನೆಯ ಬಾಗಿಲಿಗೆ ಒಂದು ಹಳಿ ಇಲ್ಲವಲ್ಲ ಎಂಬ ಕೊರಗು ಅವರಿಗೆ ಇತ್ತೆಂದು ನನಗೆ ಗೊತ್ತಾದದ್ದೇ ಅವತ್ತು. ಮರುವಾರದಿಂದ ನಮ್ಮ ಮನೆಯ ಏಕೈಕ ಮೇಜಿನ ಮೇಲೆ ಹಲಗೆ ಬಂತು, ಹಲಗೆಯ ಮೇಲೆ ಹೊಟ್ಟು ಬಂತು, ನಾವು ನೆಲದ ಮೇಲೆ ಬಂದೆವು.

ನಾವಿದ್ದದ್ದು ಪೇಟೆಯ ಒಂದು ಹಳೆಯ ವಾಡೆಯ ಮೇಲಂತಸ್ತಿನಲ್ಲಿ. ಒಂದು ಉದ್ದನೆಯ ಕೋಣೆ, ಅದಕ್ಕಂಟಿದ ಅಡುಗೆಮನೆ. ಕೆಳಗೆ ಮನೆಯೊಡತಿ, ಮರಾಠಿ ಅಜ್ಜಿ, ದೇವರಿಗೂ ನಮಗೂ ಒಂದೇ ಸಮನೆ ಗದರುವವರು. ಆ ಕೋಣೆಯಲ್ಲಿ ನಮ್ಮವರ ಕಾರ್ಖಾನೆ ಎದ್ದು ನಿಂತಿತು. ಪೆಟ್ಟಿಗೆಗೆ ಬಿಗಿಯುವ ಕಬ್ಬಿಣದ ಪಟ್ಟಿಯನ್ನು ಅಡ್ಡ ನಿಲ್ಲಿಸಿದರೆ ಹಳಿ. ಮಾವಿನ ಪೆಟ್ಟಿಗೆಯ ತೆಳು ಚಕ್ಕೆ ಕತ್ತರಿಸಿದರೆ ಹಳಿಯ ಕೆಳಗಿನ ಸ್ಲೀಪರು. ನನ್ನ ಹೊಲಿಗೆ ಡಬ್ಬಿಯ ದಾರದ ರೀಲುಗಳು ಗಾಲಿಗಳಾದವು, ದಾರ ಏನಾಯಿತೆಂದು ಇಂದಿಗೂ ಪತ್ತೆಯಿಲ್ಲ. ಕೆಟ್ಟುಹೋದ ಟೇಪ್ ರೆಕಾರ್ಡರಿನ ಮೋಟಾರು ಎಂಜಿನ್ನಿನ ಹೊಟ್ಟೆಗೆ ಹೋಯಿತು. ಕಾರ್ಖಾನೆಯ ಹೊಗೆಕೊಳವೆಯೊಳಗೆ ಊದುಬತ್ತಿ ಚುಚ್ಚಿಟ್ಟರೆ ನಿಜವಾದ ಹೊಗೆ. ಇಡೀ ಪುಣೆಯಲ್ಲಿ ಗಂಧದ ವಾಸನೆ ಬರುತ್ತಿದ್ದ ಕಾರ್ಖಾನೆ ಅದೊಂದೇ ಇರಬೇಕು. ಕೆಲಸಗಾರರು ಬೆಂಕಿಕಡ್ಡಿಗಳು. ಕೆಂಪು ತಲೆಯೇ ರುಮಾಲು. ನಾನು ಒಲೆ ಹಚ್ಚಲು ಕಡ್ಡಿ ಹುಡುಕಿದರೆ, "ಏ, ಅವ ಗರಗಸದ ಮ್ಯಾಲಿನ ಮನಷ್ಯಾ, ಅವನ್ನ ಮುಟ್ಟಬ್ಯಾಡ" ಎಂದು ಕೂಗುತ್ತಿದ್ದರು.

ಫ್ಯಾನು ಹಾಕುವಂತಿರಲಿಲ್ಲ. ಹಾಕಿದರೆ ಕಾರ್ಖಾನೆಯ ಅಂಗಳದ ಹೊಟ್ಟೆಲ್ಲ ಎದ್ದು ನಮ್ಮ ಸಾರಿಗೆ ಬರುತ್ತಿತ್ತು.

ಹೀಗಿರುವಾಗ ಊರಿಂದ ಸುದ್ದಿ ಬಂತು. ಅಪ್ಪನ ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್ ಪುಣೆಯಲ್ಲೇ ಮಾಡಿಸಬೇಕು, ಕನ್ನಡಕ ಸಿಗುವ ತನಕ ನಮ್ಮಲ್ಲೇ ಇರಬೇಕು. ಅಂದರೆ ಇಡೀ ಮಳೆಗಾಲ ಮಾವ, ಅಳಿಯ, ನಾನು, ಒಂದು ರೈಲು, ಒಂದೇ ಕೋಣೆ. ಅಪ್ಪ ಬಂದ ದಿನ ನಾನು ನಮ್ಮವರಿಗೆ ತಾಕೀತು ಮಾಡಿದೆ, ಏನೇ ಆಗಲಿ ಅವರ ಮುಂದೆ ಬಾಯಿಗೆ ಮೊಳೆ ಹಾಕಿಕೊಳ್ಳಬಾರದು. ಅವರು ವಿಧೇಯರಾಗಿ ಮೊಳೆಗಳನ್ನು ಬಟ್ಟಲಿಗೆ ಹಾಕಿಕೊಂಡರು. ಬಟ್ಟಲು ಸಿಗದ ದಿನ ನನ್ನ ಒಗ್ಗರಣೆ ಡಬ್ಬಿಗೆ ಹಾಕಿದರು. ಸಾಸಿವೆಯ ಜೊತೆ ಎರಡು ಮೊಳೆ ಚಟಪಟ ಎನ್ನದೆ ಬಾಣಲೆಯಲ್ಲಿ ಸುಮ್ಮನೆ ಬಿದ್ದಿದ್ದಾಗ ನನಗೆ ಬಂದ ಸಿಟ್ಟನ್ನು ಇಲ್ಲಿ ಬರೆಯುವಂತಿಲ್ಲ.

ಅಪ್ಪನಿಗೆ ಆಗ ಎರಡೂ ಕಣ್ಣು ಮಬ್ಬು. ಮೇಜಿನ ಮೇಲೆ ಏನೋ ಇದೆ, ಸದ್ದು ಮಾಡುತ್ತದೆ ಎಂಬಷ್ಟು ಗೊತ್ತಾಗುತ್ತಿತ್ತು. ಆದರೆ ಸದ್ದು ಯಾವುದರದ್ದು ಎಂಬುದು ಅವರಿಗೆ ಯಾರೂ ಹೇಳಬೇಕಿರಲಿಲ್ಲ. ಕಿವಿ ನೆಟ್ಟಗೆ ಮಾಡಿಕೊಂಡು ಮಂಚದ ಮೇಲೆ ಕೂತರು.

"ಅವ್ವಾ, ಅವರಿಗೆ ಕೇಳು. ಈ ಗಾಡಿ ಎಲ್ಲಿಂದ ಎಲ್ಲಿಗೆ ಹೋಗ್ತದ?"

"ಗಾಡಿ ಎಲ್ಲಿಗೆ ಹೋಗ್ತದಂತ್ರಿ?"

"ಸುತ್ತ ತಿರಗ್ತದಂತ ಹೇಳು."

"ಸುತ್ತ ತಿರಗ್ತದಂತಪಾ."

"ಸುತ್ತ ತಿರಗೂದಕ್ಕ ಗಾಡಿ ಅನ್ನೂದಿಲ್ಲ, ಗಾಣ ಅಂತಾರ. ಹೇಳವರಿಗೆ."

ನಾನು ನಮ್ಮವರ ಕಡೆ ತಿರುಗಿ, "ಭಾಳ ಚಂದ ತಿರಗ್ತದ ಅಂತಾರ್ರಿ" ಎಂದೆ.

"ಅವರ ಆಶೀರ್ವಾದ ಅಂತ ಹೇಳು," ಎಂದರು ನಮ್ಮವರು.

ಇಲ್ಲೊಂದು ಕಾಯಿದೆಯಿತ್ತು. ಯಾರೂ ಮಾಡಿದ್ದಲ್ಲ, ತಾನಾಗಿ ಆದದ್ದು. ಒಂದೇ ಕೋಣೆಯಲ್ಲಿ ಕೂತವರಿಗೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳದೆ ಇರುತ್ತದೆಯೇ? ಚೆನ್ನಾಗಿ ಕೇಳುತ್ತಿತ್ತು. ಆದರೆ ನಾನು ಒಯ್ದು ಮುಟ್ಟಿಸುವ ತನಕ ಅದು ಆಡಿದ ಮಾತೆಂದು ಲೆಕ್ಕಕ್ಕೆ ಬರುತ್ತಿರಲಿಲ್ಲ. ಅಪ್ಪ ಗಾಣ ಎಂದದ್ದು ನಮ್ಮವರ ಕಿವಿಗೆ ಬಿದ್ದಿತ್ತು, ಕೆನ್ನೆ ಕೂಡ ಕೆಂಪಾಗಿತ್ತು. ಆದರೆ ಅಧಿಕೃತವಾಗಿ ಬಂದದ್ದು ಚಂದ ತಿರುಗುತ್ತದೆ ಎಂಬ ಮಾತು, ಅದಕ್ಕೇ ಅವರು ಉತ್ತರ ಕೊಡಬೇಕು. ಹಾಗೆಯೇ ನಮ್ಮವರು ಒಮ್ಮೆ, "ಮುದುಕಗ ಕಣ್ಣಿಗೆ ಬಂದ ಪೊರಿ ಬಾಯಿಗೆ ಬರಬೇಕಿತ್ತು" ಎಂದು ಗೊಣಗಿದರು. ನಾನು ಅಪ್ಪನಿಗೆ, "ನಿಮ್ಮ ಕಣ್ಣಿಂದು ಅವರಿಗೆ ಭಾಳ ಚಿಂತಿ ಆಗೇದಂತಪಾ" ಎಂದು ಮುಟ್ಟಿಸಿದೆ. ಅಪ್ಪ ತುಟಿ ಬಿಗಿಹಿಡಿದು, "ಚಿಂತಿ ಮಾಡಬ್ಯಾಡಂತ ಹೇಳು" ಎಂದರು. ನನ್ನ ಈ ಟಪಾಲು ಸೇವೆ ಇರದಿದ್ದರೆ ಆ ಮನೆಯಲ್ಲಿ ತಲೆಗಳೇ ಒಡೆಯುತ್ತಿದ್ದವು. ನನಗೆ ಆ ಬಗ್ಗೆ ಹೆಮ್ಮೆಯೇ ಇದೆ.

ಆದರೂ ಬೇಸರ ಬರುತ್ತಿತ್ತು. ನನ್ನದು ಎಂಬ ಮಾತು ಆಡಲು ನನಗೆ ಹೊತ್ತೇ ಸಿಗುತ್ತಿರಲಿಲ್ಲ.

ದಿನ ಕಳೆದಂತೆ ಅಪ್ಪನ ತಕರಾರು ಸೂಕ್ಷ್ಮವಾಯಿತು. ಹಳಿಯ ಸಂದಿಯಲ್ಲಿ ಗಾಲಿ ಬಡಿಯುತ್ತಿದೆ. ಕಾರ್ಖಾನೆಗೆ ತಿರುಗುವ ಹಾದಿಯಲ್ಲಿ ಎಂಜಿನ್ನು ಅತಿ ಜೋರಾಗಿ ಹೋಗುತ್ತಿದೆ. ಒಂದು ದಿನ ಎದ್ದು ಬಂದು ಬೆರಳಿನಿಂದ ಹಳಿಯನ್ನು ಸವರುತ್ತ ಮೇಜಿನ ಸುತ್ತ ಹೋದರು. ಕವಲು ಸಿಕ್ಕಿದಲ್ಲಿ ನಿಂತರು.

"ಇದೇನು?"

"ಸೈಡಿಂಗಂತಪಾ. ಕಾರ್ಖಾನಿಗೆ ಹೋಗ್ತದಂತ."

"ಪೆಟ್ಟಿಗಿ ಕಾರ್ಖಾನಿಗೆ ಸೈಡಿಂಗ್ ಯಾರು ಮಂಜೂರ ಮಾಡ್ಯಾರ? ಕೇಳು."

ನಾನು ಕೇಳಿದೆ. ನಮ್ಮವರು ಬಹಳ ಹೊತ್ತು ಯೋಚಿಸಿ, "ನಾನ" ಎಂದರು. ಇದನ್ನು ಬದಲಿಸುವುದು ಹೇಗೆಂದು ತೋಚದೆ ನಾನು, "ಮ್ಯಾಲಿನವರು ಮಾಡ್ಯಾರಂತ" ಎಂದೆ. ಅಪ್ಪ ತಲೆದೂಗಿದರು. ಮೇಲಿನವರು ಎಂದರೆ ಅವರು ಯಾವಾಗಲೂ ಸುಮ್ಮನಾಗುತ್ತಿದ್ದರು.

ಆಪರೇಷನ್ನಿಗೆ ಹೋಗುವ ಮುಂಜಾನೆ ಅಪ್ಪ ಮತ್ತೊಮ್ಮೆ ಮೇಜಿನ ಬಳಿ ಬಂದರು. ಬೆಂಕಿಕಡ್ಡಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು.

"ಅವ್ವಾ, ಮೊಳಿ ಹೊಡಿಯವರು ಅದಾರ. ಕಟಗಿ ಕೊಯ್ಯವರು ಅದಾರ. ಹಮಾಲರು ಅದಾರ. ಸ್ಟೇಷನ್ ಮಾಸ್ತರ ಒಬ್ಬ ಇಲ್ಲ. ಗಾಡಿ ಯಾರನ್ನ ಕೇಳಿ ಬರ್ತದ, ಯಾರನ್ನ ಕೇಳಿ ಹೋಗ್ತದ? ಕೇಳವರಿಗೆ."

ಅದರಲ್ಲಿ ತಕರಾರಿನ ಖಾರ ಇರಲಿಲ್ಲ. ಕಣ್ಣಿಗೆ ಕತ್ತರಿ ಬೀಳುವ ದಿನ ಮನುಷ್ಯನಿಗೆ ತಾನು ಎಲ್ಲಿಯೂ ಬೇಕಾಗಿಲ್ಲ ಅನಿಸುವುದು ಸಹಜ. ಆ ಮಾತನ್ನು ಮಾತ್ರ ನಾನು ಒಂದಕ್ಷರ ಬದಲಿಸದೆ ಮುಟ್ಟಿಸಿದೆ.

ಅಪ್ಪ ಆಸ್ಪತ್ರೆಯಲ್ಲಿದ್ದಾಗ ನಾನು ಅಲ್ಲೇ ಇದ್ದೆ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಅವರನ್ನು ಆಟೋದಲ್ಲಿ ಮನೆಗೆ ಕರೆತಂದು, ಕೈಹಿಡಿದು ಮೆಟ್ಟಿಲು ಹತ್ತಿಸಿ ಮಂಚದ ಮೇಲೆ ಮಲಗಿಸಿ, ತಿರುಗಿ ಮೇಜಿನ ಕಡೆ ನೋಡಿದೆ.

ಸ್ಟೇಷನ್ ಬಂದಿತ್ತು. ಸಿಗ್ನಲ್ಲೂ ಬಂದಿತ್ತು. ಸ್ಟೇಷನ್ನಿನ ಮುಂದೆ ಮಾಸ್ತರರೂ ನಿಂತಿದ್ದರು. ಬಿಳಿ ಪೋಷಾಕು, ಕರಿ ಟೊಪ್ಪಿಗೆ, ದಪ್ಪ ಮೀಸೆ, ಕೈಯಲ್ಲಿ ಹಸಿರು ನಿಶಾನೆ, ಎದೆಯ ಮೇಲೆ ಗುಂಡಿಗಳಾಗಿ ಹೊಳೆಯುವ ಮೊಳೆಯ ತಲೆಗಳು. ಮುಖ ಥೇಟು ಅಪ್ಪನದೇ. ಸಾಗುವಾನಿ ಕಟ್ಟಿಗೆಯಲ್ಲಿ ಕೆತ್ತಿದ್ದು. ಆದರೆ ಎತ್ತರ ಒಂದು ಗೇಣಿಗಿಂತ ಹೆಚ್ಚು. ಸ್ಟೇಷನ್ನಿನ ಚಾವಣಿ ಅವರ ಸೊಂಟಕ್ಕೆ ಬರುತ್ತಿತ್ತು. ಬೆಂಕಿಕಡ್ಡಿಯ ಹಮಾಲರು ಅವರ ಮೀನಖಂಡದ ಹತ್ತಿರ ನಿಂತಿದ್ದರು. ಎಂಜಿನ್ನು ಬಂದರೆ ಅವರ ಬೂಟಿಗಿಂತ ಸ್ವಲ್ಪ ದೊಡ್ಡದಾಗಿ ಕಾಣುತ್ತಿತ್ತು.

ನಮ್ಮವರನ್ನು ಅಡುಗೆಮನೆಗೆ ಎಳೆದುಕೊಂಡು ಹೋದೆ. "ಏನ್ರಿ ಇದು? ಅಪ್ಪನ್ನ ರಾಕ್ಷಸ ಮಾಡೀರಿ?"

"ಮತ್ತೇನು, ಮಾವನವರನ್ನ ಬೆಂಕಿಕಡ್ಡಿ ಮಾಡಂತೀಯೇನು?"

"ಉಳದವರೆಲ್ಲಾ ಕಡ್ಡೀನ ಅದಾರಲ್ರಿ."

"ಅವರು ನಮ್ಮವರು, ಅವರಿಗೆ ನಡೀತದ. ಮಾವನವರನ್ನ ಹಮಾಲರ ಅಳತಿಗೆ ಹೆಂಗ ಮಾಡ್ಲಿ? ಒಮ್ಮೆ ಮಾಡೀನಿ. ನೋಡಿ ನಾಚಿಕಿ ಆತು. ಒಲಿಗೆ ಹಾಕಿದೆ."

ಅಳತೆಯಲ್ಲೇ ಹುಟ್ಟಿ ಅಳತೆಯಲ್ಲೇ ಬೆಳೆದ ಮನುಷ್ಯ. ಒಂದು ಹಲಗೆ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೆ ಪೆಟ್ಟಿಗೆಯನ್ನೇ ಬಿಚ್ಚಿಸುವವರು. ಅಂಥವರು ಮಾವನ ಮಾತು ಬಂದಾಗ ಅಳತೆಪಟ್ಟಿ ಎಸೆದುಬಿಟ್ಟಿದ್ದರು. ಮರ್ಯಾದೆಯನ್ನು ಯಾವ ಪ್ರಮಾಣದಲ್ಲಿ ಸಣ್ಣದು ಮಾಡಬೇಕೆಂದು ಆ ವಿದೇಶಿ ಪತ್ರಿಕೆಯಲ್ಲಿ ಬರೆದಿರಲಿಲ್ಲ, ಬರೆದಿದ್ದರೂ ಇವರಿಗೆ ಓದಲು ಬರುತ್ತಿರಲಿಲ್ಲ. ಅಪ್ಪ ಪಟ್ಟಿ ಬಿಚ್ಚಿ ಇದನ್ನು ಕಂಡರೆ ಗೇಲಿ ಎಂದುಕೊಳ್ಳುವುದು ಖಂಡಿತ. ಕೊಡೆ ತೆಗೆದುಕೊಂಡು ಹೊರಟರೆ ಈ ಸಲ ಅವರು ನನ್ನ ಜೊತೆಗೂ ಮಾತು ಬಿಡುತ್ತಾರೆ. ತೆಗೆದುಹಾಕಿ ಎಂದು ಎಷ್ಟು ಗೋಗರೆದರೂ ನಮ್ಮವರು ಒಪ್ಪಲಿಲ್ಲ. ಮಾವನವರನ್ನು ಕೆಲಸದಿಂದ ತೆಗೆಯಲು ತಾನು ಯಾರು ಎಂದರು.

ಇಷ್ಟು ಸಾಲದೆಂದು ಮನೆಯೊಡತಿ ಅಜ್ಜಿ ಅಪ್ಪನನ್ನು ವಿಚಾರಿಸಲು ಮೇಲೆ ಬಂದರು. ಕೋಣೆಯ ತುಂಬ ಊದುಬತ್ತಿಯ ಹೊಗೆ, ಆ ಹೊಗೆಯ ನಡುವೆ ಎತ್ತರದ ಒಂದು ಮೂರ್ತಿ, ಅದರ ಪಾದದ ಬಳಿ ಸಣ್ಣ ಸಣ್ಣ ಭಕ್ತರು. ಅಜ್ಜಿ ಬಾಗಿಲಲ್ಲೇ ಚಪ್ಪಲಿ ಬಿಟ್ಟು ಕೈಮುಗಿದರು.

"ಹಾ ಕೋಣ್ತಾ ದೇವ್?" ಎಂದರು. ಯಾವ ದೇವರು ಇದು?

"ಮಾಝೇ ಸಾಸರೇ," ಎಂದರು ನಮ್ಮವರು ಗಂಭೀರವಾಗಿ. ನಮ್ಮ ಮಾವನವರು ಎಂದು.

ಅಜ್ಜಿ ಒಮ್ಮೆ ಮಂಚದ ಮೇಲೆ ಮಲಗಿದ್ದ ಅಪ್ಪನನ್ನೂ ಒಮ್ಮೆ ಮೇಜಿನ ಮೇಲೆ ನಿಂತಿದ್ದ ಅಪ್ಪನನ್ನೂ ನೋಡಿದರು. ಇಂಥ ಅಳಿಯ ತಮಗೆ ಸಿಗಲಿಲ್ಲವಲ್ಲ ಎಂದು ಕಣ್ಣೊರೆಸಿಕೊಂಡರು. ಮರುದಿನದಿಂದ ತಮ್ಮ ಪೂಜೆ ಮುಗಿಸಿ ಮೇಲೆ ಬಂದು, ಮೇಜಿನ ಮೇಲಿದ್ದ ಅಪ್ಪನ ಹಣೆಗೆ ಕುಂಕುಮ ಹಚ್ಚಿ, ಪಾದಕ್ಕೊಂದು ಹೂವಿಟ್ಟು, ಗಂಟೆ ಬಾರಿಸಿ ಹೋಗತೊಡಗಿದರು. ಅಳಿಸುವಂತಿಲ್ಲ, ಬೇಡವೆನ್ನುವಂತಿಲ್ಲ, ಮನೆ ಅವರದ್ದು.

"ಅವ್ವಾ, ಯಾವ ದೇವರದು ಗಂಟಿ?" ಎಂದು ಪಟ್ಟಿ ಕಟ್ಟಿಕೊಂಡ ಅಪ್ಪ ಕೇಳುತ್ತಿದ್ದರು.

"ಮನಿ ದೇವರದಪಾ," ಎನ್ನುತ್ತಿದ್ದೆ. ಅಪ್ಪ ಮಲಗಿದಲ್ಲೇ ತಮಗೆ ತಾವೇ ಕೈಮುಗಿಯುತ್ತಿದ್ದರು. ನಾನು ಸೆರಗು ಬಾಯಿಗೆ ತುರುಕಿಕೊಂಡು ಅಡುಗೆಮನೆಗೆ ಓಡುತ್ತಿದ್ದೆ.

ಕೊನೆಗೆ ಕನ್ನಡಕ ಬಂತು. ಈಗಿನ ಹಾಗೆ ಕಣ್ಣೊಳಗೇ ಮಸೂರ ಇಟ್ಟು ಸಂಜೆ ಮನೆಗೆ ಕಳಿಸುವ ಕಾಲ ಅದಲ್ಲ. ಬಾಟಲಿಯ ತಳದಷ್ಟು ದಪ್ಪ ಗಾಜು. ಅದರಲ್ಲಿ ನೋಡಿದರೆ ಎಲ್ಲವೂ ಇದ್ದದ್ದಕ್ಕಿಂತ ದೊಡ್ಡದು. ಅಪ್ಪ ಕನ್ನಡಕ ಏರಿಸಿಕೊಂಡು ಮೊದಲು ನನ್ನನ್ನು ನೋಡಿ, "ಭಾಳ ದಪ್ಪ ಆಗೀಯವ್ವಾ" ಎಂದರು. ಚಹಾ ಕೊಟ್ಟರೆ, "ಇಷ್ಟು ದೊಡ್ಡ ಕಪ್ಪಿನ್ಯಾಗ ಇಷ್ಟ ಚಹಾ ಏನು?" ಎಂದರು. ಆಮೇಲೆ ನಿಧಾನವಾಗಿ ಎದ್ದು ಮೇಜಿನ ಕಡೆ ತಿರುಗಿದರು.

ನಮ್ಮವರು ಆ ಬದಿಯಲ್ಲಿ ಕೈಕಟ್ಟಿ ನಿಂತಿದ್ದರು. ರೈಲು ನಿಂತಿತ್ತು. ಹೊಗೆಕೊಳವೆಯಿಂದ ಹೊಗೆ ಬರುತ್ತಿತ್ತು. ಅಪ್ಪ ನೋಡಿದರು, ಒಂದು ಹೆಜ್ಜೆ ಹಿಂದೆ ಸರಿದರು.

"ಕನ್ನಡಕದಾಗ ಎಲ್ಲಾ ದೊಡ್ಡದ ಕಾಣ್ತದಪಾ," ಎಂದೆ ನಾನು, ಯಾರೂ ಕೇಳದಿದ್ದರೂ.

ಅಪ್ಪ ಕನ್ನಡಕ ತೆಗೆದು ಪಕ್ಕಕ್ಕಿಟ್ಟರು. ಬೆರಳಿನಿಂದ ಟೊಪ್ಪಿಗೆ ಮುಟ್ಟಿದರು, ಮೀಸೆ ಮುಟ್ಟಿದರು, ಗುಂಡಿಗಳನ್ನು ಎಣಿಸುವವರಂತೆ ಕೆಳಕ್ಕೆ ಬಂದರು. ಬೆರಳಿಗೆ ಕುಂಕುಮ ಹತ್ತಿತು. ಅದನ್ನು ಮೂಸಿ ನೋಡಿದರು. ಮತ್ತೆ ಕನ್ನಡಕ ಹಾಕಿಕೊಂಡು ಒಬ್ಬ ಬೆಂಕಿಕಡ್ಡಿ ಹಮಾಲನನ್ನು ಎತ್ತಿ ಮಾಸ್ತರರ ಪಕ್ಕಕ್ಕೆ ಹಿಡಿದರು. ನನ್ನ ಕಣ್ಣು ಬಾಗಿಲ ಹಿಂದೆ ತೂಗುಹಾಕಿದ್ದ ಕೊಡೆಯ ಮೇಲೆ.

"ಅವ್ವಾ, ಕೇಳವರಿಗೆ. ನಾ ಯಾಕ ಇಷ್ಟು ಎತ್ತರ ಇದೀನಿ?"

ನಾನು ತಿರುಗಿದೆ. ನಾನು ಕೇಳುವ ಮೊದಲೇ ನಮ್ಮವರು ತಲೆ ತಗ್ಗಿಸಿ, "ಅವರನ್ನ ಸಣ್ಣವರ್ನ ಮಾಡಾಕ ನನಗ ಕೈ ಬರಲಿಲ್ಲಂತ ಹೇಳು" ಎಂದರು.

ಇಷ್ಟು ವರ್ಷಗಳಲ್ಲಿ ಉಪ್ಪು ಖಾರ ಸರಿಮಾಡದೆ ಒಯ್ಯಬಹುದಾದ ಮಾತೊಂದನ್ನು ನಮ್ಮವರು ನನ್ನ ಕೈಗೆ ಕೊಟ್ಟಿರಲಿಲ್ಲ. ಇದನ್ನು ಹಾಗೇ ಒಯ್ದೆ. "ನಿಮ್ಮನ್ನ ಸಣ್ಣವರ್ನ ಮಾಡಾಕ ಅವರಿಗೆ ಕೈ ಬರಲಿಲ್ಲಂತಪಾ" ಎನ್ನುವಷ್ಟರಲ್ಲಿ ನನಗೇ ಅಳು ಬಂತು.

ಅಪ್ಪ ಬಗ್ಗಿ, ಕೆನ್ನೆಯನ್ನು ಮೇಜಿಗೆ ತಾಗಿಸಿ, ಎಂಜಿನ್ ಡ್ರೈವರ ಕೂರುವ ಎತ್ತರದಿಂದ ಹಳಿಯ ಉದ್ದಕ್ಕೂ ನೋಡಿದರು. ಹೊಟ್ಟು ಮೀಸೆಗೆ ಹತ್ತಿತ್ತು.

"ಅಳಿಯಂದ್ರ," ಎಂದರು. ನನ್ನನ್ನಲ್ಲ, ಗೋಡೆಯನ್ನಲ್ಲ, ನೆಟ್ಟಗೆ ನಮ್ಮವರನ್ನು ನೋಡಿ. "ನಾ ಹಿಂಗ ನಡುವ ನಿಂತರ ಡ್ರೈವರಗ ಸಿಗ್ನಲ್ ಕಾಣೂದಿಲ್ಲ. ನನ್ನ ಸ್ವಲ್ಪ ಸಣ್ಣ ಮಾಡ್ರಿ."

ನಮ್ಮವರು ನನ್ನ ಕಡೆ ನೋಡಿದರು. ನಾನು ಮುಟ್ಟಿಸಲಿ ಎಂದು ಕಾದು ನಿಂತರು, ಪುಣ್ಯಾತ್ಮ. ನಾನು ಬಾಯಿ ಬಿಡಲಿಲ್ಲ. ಅವರು ಇನ್ನೂ ಕಾದರು.

"ನನಗ ಹೇಳಿಲ್ರಿ," ಎಂದೆ. "ನಿಮಗ ಹೇಳ್ಯಾರ."

ನಮ್ಮವರು ಮಾವನ ಕಡೆ ತಿರುಗಿದರು. "ಎಲ್ಲಿಂದ ಕೊಯ್ಯಲ್ರಿ ಮಾವಾರ?"

"ಕಾಲ ಕಡಿಂದ ಕೊಯ್ರಿ. ತಲಿ ಮುಟ್ಟಬ್ಯಾಡ್ರಿ, ಟೊಪಿಗಿ ಸರಕಾರದ್ದು."

ಗರಗಸ ಬಂತು. ಮಾಸ್ತರರನ್ನು ಮೇಜಿನ ಅಂಚಿಗೆ ಅಡ್ಡ ಮಲಗಿಸಿದರು. ಕಟ್ಟಿಗೆ ಅಲುಗಾಡುತ್ತಿತ್ತು. ಅಪ್ಪ ಬಂದು ತಮ್ಮ ತಲೆಯನ್ನು ತಾವೇ ಎರಡೂ ಕೈಯಿಂದ ಅದುಮಿ ಹಿಡಿದರು. ಗರಗಸಕ್ಕೂ ಅವರ ಬೆರಳಿಗೂ ನಡುವೆ ಜಾಗ ಜಾಸ್ತಿ ಇರಲಿಲ್ಲ.

"ಕೈ ತಗೀರಿ ಮಾವಾರ, ಹತ್ತೀತು."

"ನಾ ಹಿಡದೀನಿ. ನೀವು ಕೊಯ್ರಿ."

ಬೂಟು ಹೋಯಿತು. ಅಪ್ಪ ಎತ್ತಿ ನಿಲ್ಲಿಸಿ ನೋಡಿ, ಇನ್ನೂ ದೊಡ್ಡದಾಯಿತು ಎಂದರು. ಮೊಣಕಾಲು ಹೋಯಿತು. ಮತ್ತೆ ನಿಲ್ಲಿಸಿದರು, ಇನ್ನೂ ದೊಡ್ಡದು ಎಂದರು. ದೊಡ್ಡದಾಗಿ ತೋರಿಸುತ್ತಿದ್ದದ್ದು ಕನ್ನಡಕ ಎಂದು ನನಗೆ ಗೊತ್ತಿತ್ತು. ನಮ್ಮವರಿಗೂ ಗೊತ್ತಿತ್ತು ಎಂದು ಅವರ ಮುಖ ಹೇಳುತ್ತಿತ್ತು. ಚಹಾ ಇಡಲೇ ಎಂದು ಕೇಳಿದೆ, ಇಬ್ಬರಿಗೂ ಕೇಳಿಸಲಿಲ್ಲ. ಇಷ್ಟು ವರ್ಷ ಇವರಿಗಾಗಿ ಬಾಯಿ ಸವೆಸಿದವಳು ನಾನು, ಒಂದು ಮಾತಿಗೂ ಬೇಡವಾಗಿ ಅಲ್ಲೇ ನಿಂತಿದ್ದೆ. ಸಿಟ್ಟು ಬಂತು, ಹೊಟ್ಟೆ ತುಂಬಿದಷ್ಟು ಖುಷಿಯೂ ಆಯಿತು.

ಸೊಂಟದ ತನಕ ಬಂದಾಗ ನಮ್ಮವರು ಗರಗಸ ಕೆಳಗಿಟ್ಟು, "ಮಾವಾರ, ಇನ್ನ ಸಾಕ್ರಿ. ಇಷ್ಟಾದ್ರ ಟಿಕೀಟ ಕಿಡಕಿ ಹಿಂದ ಕೂಡಸ್ತೀನಿ, ಕಾಲು ಬೇಕಾಗೂದಿಲ್ಲ" ಎಂದರು.

ಅಪ್ಪ ಕನ್ನಡಕವನ್ನು ಧೋತರದ ಚುಂಗಿನಿಂದ ಒರೆಸಿ, ಮತ್ತೆ ಏರಿಸಿಕೊಂಡು, ಅಂಗೈಯ ಮೇಲೆ ಉಳಿದಿದ್ದ ತಮ್ಮನ್ನು ಎಲ್ಲ ಕಡೆಯಿಂದ ತಿರುಗಿಸಿ ನೋಡಿದರು.

"ಇನ್ನೊಂದು ಸ್ವಲ್ಪ ತಗೀರಿ, ಅಳಿಯಂದ್ರ," ಎಂದರು. "ನಾ ಇನ್ನೂ ದೊಡ್ಡವ ಕಾಣಸ್ತೀನಿ."